ಅವ್ವನ ಬಲಗೆನ್ನೆ

ಸ್ವಾತಂತ್ರ್ಯ ಬಂದ ಹೊಸತು. ಅಕ್ಕಿ, ರಾಗಿ ಎಲ್ಲಕ್ಕೂ ರೇಷನ್. ನಜರ್‌ಬಾದಿನ ನಮ್ಮ ಮನೆಯಲ್ಲಿ ಏಳು ಬಾಯಿ. ಜಟಕಾ ಓಡಿಸುತ್ತಿದ್ದ ಅಪ್ಪನಿಗೆ ಬಡಿಸಿ, ನಮಗೆ ಐವರಿಗೂ ಮುದ್ದೆ ಮುರಿದು ಹಾಕುವಷ್ಟರಲ್ಲಿ ಪಾತ್ರೆಯ ತಳ ಕಾಣುತ್ತಿತ್ತು.

"ನಂಗೆ ಹಸಿವಿಲ್ಲ ಕಣವ್ವ, ಒಂದು ಎಲೆ ಮಡಚ್ಕೊಡು ಸಾಕು" ಅನ್ನುತ್ತಿದ್ದಳು ಅವ್ವ.

ಊಟ ಬಲ್ಲವನಿಗೆ ರೋಗವಿಲ್ಲ ಅನ್ನುತ್ತಾರೆ. ಊಟವೇ ಇಲ್ಲದವಳಿಗೆ ಏನನ್ನುತ್ತಾರೋ!

ಎಲೆ ಮಡಚುವ ಕೆಲಸ ಹಿರಿಮಗಳಾದ ನನ್ನದು. ತೊಟ್ಟು ಚಿವುಟಿ, ಸುಣ್ಣ ಸವರಿ, ಅಡಿಕೆ ಚೂರಿನ ಮೇಲೆ ಹೊಗೆಸೊಪ್ಪು ಇಟ್ಟು ಕೊಡುತ್ತಿದ್ದೆ. ಅದನ್ನು ಬಲಗೆನ್ನೆಗೆ ಒತ್ತರಿಸಿಕೊಂಡರೆ ಅವ್ವನ ಮಧ್ಯಾಹ್ನದ ಊಟ ಮುಗಿದಂತೆ. ಹೊಗೆಸೊಪ್ಪು ಹೊಟ್ಟೆಯನ್ನು ಸುಮ್ಮನಿರಿಸುತ್ತದೆ ಎಂದು ಬೀದಿಯ ಹೆಂಗಸರಿಗೆಲ್ಲ ಗೊತ್ತಿತ್ತು. "ನಿನ್ನ ಮಗಳು ಮಡಚಿದ ಎಲೆ ಚೆಂದ ಕಣೇ" ಎಂದು ಅವರು ಹೊಗಳಿದರೆ ನಾನು ಉಬ್ಬಿಹೋಗುತ್ತಿದ್ದೆ. ದಡ್ಡಿ!

ವರ್ಷಗಳು ಕಳೆದವು. ತಮ್ಮಂದಿರು ದುಡಿಯತೊಡಗಿ ಮನೆಗೆ ಅಕ್ಕಿ ಮೂಟೆ ಬಂತು. ಅವ್ವ ಮಾತ್ರ ಎರಡು ತುತ್ತು ತಿಂದು ಎಲೆಗೆ ಕೈ ಚಾಚುತ್ತಿದ್ದಳು. ಒಂದು ದಿನ ಅವಳ ಕೆನ್ನೆಯ ಒಳಗೆ ಬೆಳ್ಳಗಿನ ಮಚ್ಚೆ ಕಂಡೆ.

"ಸುಣ್ಣ ಜಾಸ್ತಿಯಾಗಿ ಬೆಂದದೆ, ಬುಡು" ಅಂದಳು. ನಾನು ಸುಣ್ಣ ಕಡಿಮೆ ಮಾಡಿದೆ, ಅಷ್ಟೆ. ಮಚ್ಚೆ ಹುಣ್ಣಾಯಿತು. ಸಾರು ತಾಗಿದರೆ ಕಣ್ಣಲ್ಲಿ ನೀರು. ಹೊಗೆಸೊಪ್ಪು ಒತ್ತಿಟ್ಟುಕೊಂಡರೆ ಆ ಜಾಗ ಜೋಮು ಹಿಡಿದು ನೋವು ತಿಳಿಯುತ್ತಿರಲಿಲ್ಲವಂತೆ. ಅಯ್ಯೋ, ಅದನ್ನು ಕೇಳಿ ಇನ್ನಷ್ಟು ಹೊಗೆಸೊಪ್ಪು ಇಟ್ಟುಕೊಟ್ಟವಳು ನಾನೇ.

ಕೆನ್ನೆ ಊದಿಕೊಂಡ ಮೇಲೆ ಆಸ್ಪತ್ರೆಗೆ ಕರೆದೊಯ್ದೆ. ಡಾಕ್ಟರು ಟಾರ್ಚು ಬಿಟ್ಟು ನೋಡಿ, "ಹೊಗೆಸೊಪ್ಪು ಯಾವ ಕಡೆ ಇಟ್ಕೊಳ್ತೀರಮ್ಮ?" ಎಂದು ಕೇಳಿದರು. ಅವ್ವ ಬಲಗೆನ್ನೆ ಮುಟ್ಟಿ ತೋರಿಸಿದಳು.

"ಎಷ್ಟು ವರ್ಷದಿಂದ?"

"ಇವಳು ಚಿಕ್ಕೋಳಾಗಿದ್ದಾಗಿಂದ, ಸ್ವಾಮಿ. ಇವಳೇ ಮಡಚ್ಕೊಡೋದು" ಅಂದಳು, ಹೆಮ್ಮೆಯಿಂದ.

ಡಾಕ್ಟರು ನನ್ನ ಕೈ ನೋಡಿದರು. ಆಮೇಲೆ ನನ್ನನ್ನು ಹೊರಗೆ ಕರೆದು, ಕ್ಯಾನ್ಸರ್, ತಡವಾಗಿದೆ ಅಂದರು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಮನೆಗೆ ಬಂದವಳೇ ಎಲೆಯಡಿಕೆ ಚೀಲವನ್ನು ಒಲೆಗೆ ಹಾಕಿದೆ.

ಎರಡು ತಿಂಗಳಲ್ಲಿ ಅವ್ವನ ಬಾಯಿ ಒಂದು ಬೆರಳಗಲಕ್ಕಿಂತ ಹೆಚ್ಚು ತೆರೆಯದಾಯಿತು. ಚಮಚದಲ್ಲಿ ಹಾಕಿದ ಗಂಜಿ, ಹುಣ್ಣು ಕೊರೆದಿದ್ದ ಕೆನ್ನೆಯ ತೂತಿನಿಂದ ಸೋರಿ ಸೆರಗಿಗೆ ಇಳಿಯುತ್ತಿತ್ತು. ಒರೆಸಿ ಒರೆಸಿ ಒಂದು ಮಧ್ಯಾಹ್ನ ನನಗೆ ರೇಗಿಹೋಯಿತು. "ಒಂದು ಗುಟುಕಾದ್ರೂ ನುಂಗು ಅವ್ವ! ಹಸಿವಾಗಲ್ವಾ ನಿಂಗೆ?" ಎಂದು ಕಿರುಚಿದೆ.

ಅವ್ವ ನನ್ನ ಮಣಿಕಟ್ಟು ಹಿಡಿದುಕೊಂಡಳು. ಹುಟ್ಟಿದಂದಿನಿಂದ ಅವಳ ಬಾಯಲ್ಲಿ ಕೇಳದ ಮಾತು, ತೊದಲುತ್ತ ಹೊರಬಂತು.

"ಆಯ್ತದೆ ಕಣವ್ವ. ಆವಾಗ್ಲೂ ಆಯ್ತಿತ್ತು."