ಮಂಡಿಮಿತ್ರ ಮುಲಾಮಿನ ಮಹಾಸಮರ

ಆ ಸಂಶೋಧನಾ ಸಂಸ್ಥೆಯ ಮೂರನೇ ಮಹಡಿಯಲ್ಲಿ, ನೀರಿನ ಫಿಲ್ಟರಿನ ಪಕ್ಕದ ಮೇಜಿಗೆ ಹನ್ನೊಂದು ವರ್ಷದಿಂದ ಅಂಟಿಕೊಂಡಿದ್ದವನನ್ನು ಎಲ್ಲರೂ ಜರಡಿ ಎನ್ನುತ್ತಿದ್ದರು. ಮಂಡಿನೋವಿನ ಬಗ್ಗೆ ಆನ್‌ಲೈನ್ ಅಧ್ಯಯನ ಎಂದರೆ ಸಾಕು, ಉಡುಗೊರೆ ಕೂಪನ್ನಿನ ಆಸೆಗೆ ನೋವೇ ಇಲ್ಲದವರು ಮುಗಿಬೀಳುತ್ತಾರೆ. ಒಬ್ಬನೇ ಆಸಾಮಿ ಬೆಳಿಗ್ಗೆ ಅಜ್ಜಿ, ಮಧ್ಯಾಹ್ನ ಅಜ್ಜ. ಅಂಥವರನ್ನು ಸೋಸಿ ಎಸೆಯುವುದು ಜರಡಿಯ ಕೆಲಸ.

ಅವನ ಬ್ರಹ್ಮಾಸ್ತ್ರ ಒಂದೇ ಪ್ರಶ್ನೆ: ‘ನೀವು ಮಂಡಿಮಿತ್ರ ಮುಲಾಮು ಬಳಸುತ್ತೀರಾ?’ ಅಂಥ ಮುಲಾಮು ಮೂರು ಲೋಕದಲ್ಲೂ ಇಲ್ಲ. ಅವನೇ ಹುಟ್ಟಿಸಿದ ಹೆಸರು. ಹೌದೆಂದವನು ಅಲ್ಲೇ ಹತ.

ಹೀಗಿರಲು ಬಂದಳು ಹೊಸ ಹುಡುಗಿ. ಅವಳಿಗೆ ಅಸ್ತ್ರವಿಲ್ಲ, ಶಸ್ತ್ರವಿಲ್ಲ. ಫೋನ್ ಮಾಡಿ, “ಮೆಟ್ಟಿಲು ಇಳಿಯೋವಾಗ ಏನಾಗುತ್ತೆ, ಸ್ವಲ್ಪ ಹೇಳಿ” ಎನ್ನುತ್ತಾಳೆ. ನೋವಿದ್ದವರು ಅರ್ಧ ಗಂಟೆ ಹೇಳುತ್ತಾರೆ. ಇಲ್ಲದವರು ಅರ್ಧ ನಿಮಿಷಕ್ಕೇ ತೊದಲುತ್ತಾರೆ. ಜರಡಿಯ ತೂತಿನಿಂದ ನುಸುಳಿದ್ದ ನಲವತ್ತು ಮಂದಿ ಒಂದೇ ತಿಂಗಳಲ್ಲಿ ಸಿಕ್ಕಿಬಿದ್ದರು. “ಎಂಥಾ ಕಿವಿ ಇವಳದು!” ಎಂದು ಮುಖ್ಯಸ್ಥೆ ಮೆಚ್ಚಿದ್ದೇ ತಡ, ಜರಡಿಯ ಹೊಟ್ಟೆಗೆ ಕಿಚ್ಚು ಬಿತ್ತು. ಅವಳಿಗೆ ಫೋನಮ್ಮ ಎಂದು ಹೆಸರಿಟ್ಟ, ಕಿಚ್ಚು ಆರಲಿಲ್ಲ. ಮುಂದಿನ ದೊಡ್ಡ ಅಧ್ಯಯನದ ಕಾವಲು ಯಾರಿಗೆಂದು ಶುಕ್ರವಾರದ ಸಭೆ ತೀರ್ಮಾನಿಸಲಿತ್ತು.

ಮೂರು ದಿನ ಅವನು ಅವಳು ಪಾಸು ಮಾಡಿದ ಪಟ್ಟಿಯನ್ನು ತಲೆಯಲ್ಲಿ ಹೇನು ಹುಡುಕುವಂತೆ ಹುಡುಕಿದ. ಪಟ್ಟಿಯಲ್ಲಿ ಹೆಸರಿಲ್ಲ, ಬರೀ ನಂಬರು. ಇನ್ನೂರ ಹದಿನೆಂಟು: ಹೆಂಗಸು, ವಯಸ್ಸು ಎಪ್ಪತ್ತೊಂದು, ಮಂಡಿಮಿತ್ರ ಮುಲಾಮು ದಿನಾ ಹಚ್ಚುತ್ತಾರಂತೆ, ಆದರೂ ಪಾಸು! ಜರಡಿ ಕುರ್ಚಿಯಲ್ಲೇ ಒಂದು ಸುತ್ತು ತಿರುಗಿದ.

ಸಭೆಯಲ್ಲಿ ಎದ್ದುನಿಂತು, “ಇಲ್ಲದ ಮುಲಾಮು ಹಚ್ಚೋರನ್ನ ಒಳಗೆ ಬಿಟ್ಟಿದೀರಲ್ಲ, ಮೇಡಂ, ಇದ್ಯಾವ ಕಿವಿ?” ಎಂದ.

“ಅವರು ಸುಳ್ಳು ಹೇಳ್ತಿಲ್ಲ ಸರ್. ನೀವೇ ಕೇಳಿ,” ಎಂದು ಅವಳು ಧ್ವನಿಮುದ್ರಣ ಹಾಕಿದಳು.

“ಅಯ್ಯೋ, ಆ ಮುಲಾಮು ಅಂಗಡೀಲೆಲ್ಲಾ ಸಿಗಲ್ವಮ್ಮಾ. ನನ್ ಮಗನೇ ತಂದ್ಕೊಟ್ಟಿದ್ದು. ಡಬ್ಬಿ ಮೇಲೆ ಅವನ ಕೈಯಲ್ಲೇ ಬರೆದಿದಾನೆ. ಹಚ್ಚಿದ್ರೆ ನೋವು ಅರ್ಧ ಇಳಿಯತ್ತೆ, ನೋಡು…”

ಆ ದನಿ ಜರಡಿಗೆ ಚೆನ್ನಾಗಿ ಗೊತ್ತಿತ್ತು. ಅಮ್ಮ! ಕಳೆದ ವರ್ಷ ಅವಳ ಗೊಣಗಾಟ ತಾಳಲಾರದೆ, ಬರೀ ವ್ಯಾಸಲೀನನ್ನು ಹಳೇ ಡಬ್ಬಿಗೆ ತುಂಬಿ, ಬೇರೆ ಹೆಸರು ಹೊಳೆಯದೆ ಮಂಡಿಮಿತ್ರ ಎಂದೇ ಬರೆದು ಕೊಟ್ಟಿದ್ದ.

ಬಾಯಿ ಮುಚ್ಚಿಕೊಂಡಿದ್ದರೆ ಮಾನ ಉಳಿಯುತ್ತಿತ್ತು. ಆದರೆ ಫೋನಮ್ಮ ಗೆಲ್ಲುತ್ತಿದ್ದಳಲ್ಲ! ಸಿಬ್ಬಂದಿಯ ಮನೆಯವರು ಭಾಗವಹಿಸಬಾರದೆಂಬ ನಿಯಮ ಬರೆದವನೂ ಅವನೇ. “ಆದ್ರೂ ಈ ಎಂಟ್ರಿ ರದ್ದು!” ಎಂದು ಕೂಗಿದ. “ಅದು ನಮ್ಮಮ್ಮ!”

ಮೇಜಿನ ಸುತ್ತ ನಗು ಸ್ಫೋಟಿಸಿತು. ಮುಖ್ಯಸ್ಥೆ ಕಣ್ಣೊರೆಸಿಕೊಂಡು, “ಬೇಲೀನೇ ಎದ್ದು ಹೊಲ ಮೇಯ್ತಲ್ರೀ,” ಎಂದರು. ಇನ್ನೂರ ಹದಿನೆಂಟು ರದ್ದಾಯಿತು. ಕಾವಲು ಫೋನಮ್ಮನ ಪಾಲಾಯಿತು.

ಸಂಜೆ ಮನೆಯಲ್ಲಿ ಅಮ್ಮ ಕಾಲು ಚಾಚಿ ಕೂತಿದ್ದಳು. “ಆ ಹುಡುಗಿ ಫೋನ್ ಮಾಡಿದ್ಳು ಕಣೋ, ನನ್ನನ್ನ ಲಿಸ್ಟಿಂದ ತೆಗೀಬೇಕಾಯ್ತಂತೆ. ಪಾಪ, ಎಷ್ಟು ಸಂಕಟಪಟ್ಕೊಂಡ್ಳು! ಹೋದ್ಸಲ ಮೂವತ್ತೆರಡು ನಿಮಿಷ ನನ್ ಮಾತು ಕೇಳಿದ್ಳು. ನೀನು ಯಾವತ್ತಾದ್ರೂ ಕೇಳಿದೀಯಾ?”

ಅಮ್ಮನೂ ಶತ್ರುಪಾಳಯ ಸೇರಿದ್ದಳು!

ಜರಡಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ಡಬ್ಬಿಯ ಮುಚ್ಚಳ ತೆಗೆದ. “ಮೆಟ್ಟಿಲು ಇಳಿಯೋವಾಗ ಏನಾಗತ್ತಮ್ಮಾ? ಸ್ವಲ್ಪ ಹೇಳು,” ಎಂದ.

ಅಮ್ಮ ಶುರುಮಾಡಿದಳು. ಅವನು ಹೂಂಗುಟ್ಟುತ್ತ, ಮಂಡಿ ತಿಕ್ಕುತ್ತ, ಓರೆಗಣ್ಣಿನಲ್ಲಿ ಗೋಡೆ ಗಡಿಯಾರ ನೋಡುತ್ತಿದ್ದ. ಮೂವತ್ಮೂರನೇ ನಿಮಿಷ ಮುಗಿಯುವವರೆಗೆ ಆ ವೀರ ಜಾಗ ಬಿಟ್ಟು ಕದಲಲಿಲ್ಲ.