ಹತ್ತರವರೆಗೆ ಎಣಿಸುವ ಕೈ

...ಇಪ್ಪತ್ತರವರೆಗೆ ಎಣಿಸಿದೆನೆಂದು ಇಷ್ಟು ವರ್ಷ ನಂಬಿದ್ದೆ, ಹನ್ನೆರಡೇ ಇರಬಹುದು. ಹೋದ ವಾರ ಆಳಂದದ ಒಂದು ದಾಲ್‌ಮಿಲ್ಲಿನಲ್ಲಿ, ಮೋಟಾರಿನ ವೇಗವನ್ನು ಹಿಡಿತದಲ್ಲಿಡುವ ಡ್ರೈವ್ ಬಿಚ್ಚಿದಾಗ ಹುರಿದ ತೊಗರಿ ಹೊಟ್ಟಿನ ವಾಸನೆ ಮುಖಕ್ಕೆ ರಾಚಿತು. ಉಸ್ತಾದರು ನೆನಪಾದರು.

ಜೇವರ್ಗಿಯ ಮಿಲ್ಲಿನಲ್ಲಿ ಅವರು ಹಿರಿಯ ಮಿಸ್ತ್ರಿ. ಡಿಪ್ಲೊಮಾ ಮುಗಿಸಿ ಬಂದ ನಾನು ಅವರ ಕೈಕೆಳಗಿನವನು. ಡ್ರೈವಿನ ಬೆನ್ನಿಗೆ ಶಾಖ ಹೊರಹಾಕಲು ಅಲ್ಯೂಮಿನಿಯಮ್ ಹಲ್ಲುಗಳ ಸಾಲು ಇರುತ್ತದೆ. ಉಸ್ತಾದರು ಮೀಟರ್ ನಂಬುತ್ತಿರಲಿಲ್ಲ. ಹಲ್ಲುಗಳ ಮೇಲೆ ಅಂಗೈ ಇಟ್ಟು ಎಣಿಸುತ್ತಿದ್ದರು. ಹತ್ತರವರೆಗೆ ಕೈ ನಿಂತರೆ ಚಿಂತೆಯಿಲ್ಲ, ಐದಕ್ಕೆ ತೆಗೆದರೆ ಫ್ಯಾನ್ ನೋಡಬೇಕು, ಎರಡಕ್ಕೇ ತೆಗೆದರೆ ಮಿಲ್ ನಿಲ್ಲಿಸಬೇಕು. ಮೊದಲ ದಿನವೇ ನನ್ನ ಮಣಿಕಟ್ಟು ಹಿಡಿದು ಬಿಸಿ ಹಲ್ಲುಗಳಿಗೆ ಒತ್ತಿದರು.

"ಎಷ್ಟ್ ಡಿಗ್ರಿ ಅದ ಹೇಳಲೇ ಡಿಪ್ಲೊಮಾ. ಪುಸ್ತಕದಾಗ ಬರದಿಲ್ಲೇನ್?"

ಕೂಲಿಯವರು ನಕ್ಕರು. ಬೊಬ್ಬೆ ಎದ್ದ ಕೈಯಲ್ಲಿ ವಾರದವರೆಗೆ ರೊಟ್ಟಿ ಮುರಿಯಲಾಗಲಿಲ್ಲ.

ಮರುವರ್ಷದ ತೊಗರಿ ಸುಗ್ಗಿಯಲ್ಲಿ ಡ್ರೈವ್ ಪದೇ ಪದೇ ವಿಪರೀತ ಬಿಸಿ ಎಂದು ತೋರಿಸಿ ನಿಲ್ಲತೊಡಗಿತು. ಉಸ್ತಾದರು ಅಂಗೈ ಇಟ್ಟು ಹತ್ತು ಎಣಿಸಿದರು. "ತಣ್ಣಗದ. ಸೆನ್ಸಾರೇ ಸುಳ್ಳ ಹೇಳಾಕತ್ತದ, ಅದನ್ನ ತಪ್ಪಿಸಿ ನಡಸ್ತೇನಿ" ಎಂದು ವೈರ್ ತರಲು ಹೋದರು. ನಾನು ಮುಟ್ಟಿದೆ. ಎರಡು ಎಣಿಸಲಾಗಲಿಲ್ಲ. ಶಾಖ ಅಳೆದು ಡ್ರೈವ್ ನಿಲ್ಲಿಸುವ ಆ ಸೆನ್ಸಾರ್ ತಪ್ಪಿಸಿದ್ದರೆ ಒಳಗಿನ ಪವರ್ ಮಾಡ್ಯೂಲ್ ಸಿಡಿಯುತ್ತಿತ್ತು.

ಅವರಿಗೆ ಸಕ್ಕರೆ ಕಾಯಿಲೆ. ಬೀಡಿ ಬೆರಳು ಸುಟ್ಟರೂ ಗಮನವಿಲ್ಲದೆ ಮಾತಾಡುತ್ತಿದ್ದುದನ್ನು ಕಂಡಿದ್ದೆ. ಹಲ್ಲುಗಳ ಸಂದಿನಲ್ಲಿ ಹೊಟ್ಟು ಕಟ್ಟಿದೆ, ಗಾಳಿ ಹಾಯುತ್ತಿಲ್ಲ ಎಂದು ಅವರೊಬ್ಬರಿಗೇ ಹೇಳಿದ್ದರೆ ಮುಗಿಯುತ್ತಿತ್ತು. ನಾನು ಮಿಲ್ಲಿನ ಸಾವ್ಕಾರರನ್ನು ಕರೆದು, ಉಸ್ತಾದರ ಕೈಗೆ ಬಿಸಿ ತಿಳಿಯುತ್ತಿಲ್ಲ ಎಂದೆ. ಕೂಲಿಯವರೂ ಸುತ್ತ ನೆರೆದರು.

"ಇನ್ನೊಮ್ಮಿ ಕೈ ಇಟ್ ತೋರಸ್ರಿ ಉಸ್ತಾದ್, ಎಲ್ಲಾರೂ ನೋಡ್ಲಿ," ಎಂದೆ ನಾನು.

"ಈ ಕೈ ನಂಬೇ ನಿಮ್ಮನ್ನ ಇಟ್ಕೊಂಡೀನ್ರಿ," ಎಂದರು ಸಾವ್ಕಾರರು. "ಅದೇ ಕೆಟ್ಟಿದ್ರ ನೀವ್ಯಾಕ್ರಿ ನನಗ?"

ಉಸ್ತಾದರು ನನ್ನನ್ನೇ ನೋಡುತ್ತ ಕೈ ಇಟ್ಟರು. ಎಣಿಸಿದ್ದು ನಾನು. ನಿಧಾನವಾಗಿ... ಹತ್ತಕ್ಕೆ ನಿಲ್ಲಿಸಲಿಲ್ಲ. ಆಮೇಲೆ ಒಂದು ವಾಸನೆ ಬಂತು, ಹೊಟ್ಟಿನದಲ್ಲ.

"ತಗೀರಿ!" ಸಾವ್ಕಾರರು ಕೂಗಿದರು.

ಅಂಗೈ ತುಂಬ ಸಾಲು ಸಾಲು ಗೆರೆ. "ಎತ್ತಿಗಿ ಬರಿ ಹಾಕಿದಂಗ ಆತಲ್ಲಲೇ!" ಎಂದು ಯಾರೋ ಅಂದರು. ನಗು ಎದ್ದಿತು. ಅದರಲ್ಲಿ ನನ್ನದೂ ಇತ್ತು.

"ಎಣಿಸಿದ್ದ ಸಾಕೇನ್ರಿ ಸಾಹೇಬ್ರ?" ಎಂದಷ್ಟೇ ನನ್ನನ್ನು ಕೇಳಿ, ಕೈಗೆ ಟವೆಲ್ ಸುತ್ತಿಕೊಂಡು ಉಸ್ತಾದರು ತಮ್ಮೂರು ನಿಂಬರ್ಗಾಕ್ಕೆ ಹೊರಟರು. ಆ ಮಧ್ಯಾಹ್ನ ಹಲ್ಲುಗಳ ಸಂದಿನಿಂದ ಒಂದು ಬುಟ್ಟಿ ಹೊಟ್ಟು ತೆಗೆದೆ. ಡ್ರೈವ್ ನಡೆಯಿತು. ಅವರ ಕೆಲಸ ನನ್ನದಾಯಿತು. ಒಮ್ಮೆಯೂ ಅವರನ್ನು ನೋಡಲು ಹೋಗಲಿಲ್ಲ.

ಆಳಂದದಲ್ಲಿ ದೂರದಿಂದಲೇ ಶಾಖ ಅಳೆಯುವ ಯಂತ್ರ ಹಿಡಿದೆ. ಅದೇ ಹೊಟ್ಟು, ಅದೇ ದೋಷ. ಮಿಲ್ಲಿನಲ್ಲಿ ನಿಂಬರ್ಗಾದ ಹಮಾಲನೊಬ್ಬನಿದ್ದ, ಅವನನ್ನು ವಿಚಾರಿಸಿದೆ. ಉಸ್ತಾದರು ತೀರಿಕೊಂಡು ಬಹಳ ವರ್ಷವಾಯಿತಂತೆ. ಕೈ ವಾಸಿಯಾಗಿತ್ತೇ ಎಂದು ಕೇಳಿದೆ. ಅವನಿಗೆ ತಿಳಿಯದು.

ಅವತ್ತು ಅವರಿಗೆ ಬಿಸಿ ತಾಗಲೇ ಇಲ್ಲವೋ, ತಾಗಿದರೂ ಕೈ ತೆಗೆಯಲಿಲ್ಲವೋ... ನನಗೆ ಗೊತ್ತಿಲ್ಲ.