ರೈಲಿನಲ್ಲೊಂದು ಕ್ಯಾರೆಟ್ ತುಂಡು

ಶಿವಮೊಗ್ಗದಿಂದ ಭದ್ರಾವತಿಯ ತವರಿಗೆ ಹೊರಟಿದ್ದೆ. ರೈಲು ತಡವಾಗಿ, ಎಂಟು ತಿಂಗಳ ಮಗಳಿಗೆ ಹಸಿವಾಯಿತು. ತೊಡೆಯ ಮೇಲೆ ನೆಟ್ಟಗೆ ಕೂರಿಸಿಕೊಂಡು, ಮೆತ್ತಗೆ ಬೇಯಿಸಿ ತಂದಿದ್ದ ಕ್ಯಾರೆಟ್ ತುಂಡೊಂದನ್ನು ಅವಳ ಕೈಗೇ ಕೊಟ್ಟೆ.

ಎದುರು ಸೀಟಿನ ಅಜ್ಜಿಗೆ ಸುಮ್ಮನಿರಲಾಗಲಿಲ್ಲ. "ಹಲ್ಲಿಲ್ಲದ ಕೂಸಿಗೆ ತರಕಾರಿ ಕೊಡ್ತಾರಾ? ರಾಗಿ ಸರಿ ಮಾಡಿ ತಿನ್ನಿಸೋಕೆ ಬೇಜಾರಾ ನಿಂಗೆ?"

"ಅವಳೇ ತಿಂದು ಕಲೀಲಿ ಅಂತ, ಅಜ್ಜಿ. ಒಸಡಲ್ಲೇ ಅರೀತಾಳೆ."

ಅಷ್ಟರಲ್ಲಿ ಮಗಳು ಓಕರಿಸಿದಳು. ಮುಖ ಕೆಂಪಾಗಿ ಕಣ್ಣಲ್ಲಿ ನೀರು ಬಂತು. ಬೋಗಿಯವರೆಲ್ಲ ನನ್ನನ್ನೇ ನೋಡಿದರು. ಬಾಯಿಗೆ ಬೆರಳು ಹಾಕಿದರೆ ತುಂಡು ಇನ್ನೂ ಒಳಗೆ ಹೋಗುತ್ತದೆಂದು ಗೊತ್ತಿದ್ದರಿಂದ ಅವಳ ಬೆನ್ನು ಹಿಡಿದು ಕಾದೆ. ಅವಳು ತಾನೇ ಕೆಮ್ಮಿ, ತುಂಡನ್ನು ನಾಲಿಗೆಯಿಂದ ಹೊರದಬ್ಬಿ, ಕೈಗೆತ್ತಿಕೊಂಡು ನಕ್ಕಳು.

"ನಾ ಹೇಳ್ಲಿಲ್ವಾ" ಎಂದು ಅಜ್ಜಿ ಮುಂದೆ ಬಾಗಿದರು. ಬಾಯಿ ತೆರೆದದ್ದೇ ತಪ್ಪಾಯಿತು. ಮಗಳು ಜೊಲ್ಲು ಸುರಿಯುತ್ತಿದ್ದ ಕ್ಯಾರೆಟ್ಟನ್ನು ನೇರ ಅವರ ಬಾಯಿಗೆ ತುರುಕಿದಳು.

ನನಗೆ ಕ್ಷಮೆ ಕೇಳುವುದೂ ಮರೆತುಹೋಯಿತು. ಅಜ್ಜಿ ನಿಧಾನವಾಗಿ ಅಗಿದು ನುಂಗಿ, "ಉಪ್ಪೇ ಹಾಕಿಲ್ವಲ್ಲ ಮಾರಾಯ್ತಿ" ಎಂದರು.

ಮಗುವಿಗೆ ವರ್ಷ ತುಂಬುವವರೆಗೆ ಉಪ್ಪು ಏಕೆ ಹಾಕಬಾರದೆಂದು ವಿವರಿಸಲು ಬಾಯಿ ತೆರೆದೆ. ಮಗಳ ಇನ್ನೊಂದು ಕೈಯಲ್ಲೂ ಏನೋ ಇರುವುದು ಕಂಡು ಮುಚ್ಚಿಕೊಂಡೆ.